ಅರ್ಧ ಅಡುಗೆ ಮಾಡಿಡಿ, ಉಳಿದರ್ಧಕ್ಕೆ 15 ನಿಮಿಷ ಸಾಕು

ಕೆಲಸ ಮುಗಿಸಿ ಮನೆಗೆ ಬಂದು ಫ್ರಿಜ್ ಬಾಗಿಲು ತೆಗೆಯುತ್ತೀರಿ. ಒಳಗೆ ನಾಲ್ಕು ಕ್ಯಾರೆಟ್, ಒಂದಿಷ್ಟು ಮೊಸರು, ಅರ್ಧ ಕೋಸು. ಏನು ಮಾಡೋದು ಅಂತ ತೋಚುವುದಿಲ್ಲ. ಬಾಗಿಲು ಮುಚ್ಚುತ್ತೀರಿ. ಐದು ನಿಮಿಷ ಬಿಟ್ಟು ಮತ್ತೆ ತೆಗೆಯುತ್ತೀರಿ, ಅಷ್ಟರಲ್ಲಿ ಯಾರಾದರೂ ಬಂದು ಏನಾದರೂ ಇಟ್ಟು ಹೋಗಿರಬಹುದೇನೋ ಅನ್ನುವ ಹಾಗೆ. ಕೊನೆಗೆ ಫೋನ್ ಕೈಗೆ ಬರುತ್ತದೆ, ಹೊರಗಿನ ಊಟ ಮನೆಗೆ ಬರುತ್ತದೆ.

ಇದು ನನ್ನದೇ ಕಥೆ. ಅಡುಗೆಗೆ ನನಗೆ ಟೈಮ್ ಇಲ್ಲ ಅಂತಲೇ ನಂಬಿದ್ದೆ. ಒಮ್ಮೆ ಹಟಕ್ಕೆ ಬಿದ್ದು ಒಂದು ವಾರ ಗಡಿಯಾರ ನೋಡಿಕೊಂಡು ಅಡುಗೆ ಮಾಡಿದೆ. ಒಲೆಯ ಮುಂದೆ ನಿಜವಾಗಿ ಕೈಯಾಡಿಸಿದ್ದು ದಿನಕ್ಕೆ ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ಏನು ಮಾಡಲಿ ಅಂತ ಯೋಚಿಸಿದ್ದು, ಇದೆಯೋ ಇಲ್ಲವೋ ಅಂತ ಹುಡುಕಿದ್ದು, ತೊಳೆದದ್ದು, ಹೆಚ್ಚಿದ್ದು, ಕಾಳು ಬೇಯಲಿ ಅಂತ ಕಾದು ಕೂತದ್ದು, ಇದಕ್ಕೆಲ್ಲ ಹತ್ತಿರ ಹತ್ತಿರ ಒಂದು ಗಂಟೆ! ಅಂದರೆ ನಾನು ಉಳಿಸಬೇಕಾದ ಸಮಯ ಅಡುಗೆಯದ್ದಲ್ಲ, ಅದರ ಮುಂಚಿನದ್ದು.

ಇಲ್ಲಿ ಹೇಳುವುದೆಲ್ಲ ಆ ಒಂದು ಗಂಟೆಯನ್ನು ದಿನದ ದಣಿವಿನಿಂದ ಬೇರೆ ಕಡೆಗೆ ಸರಿಸುವ ಉಪಾಯ.

ವಾರದ ಊಟ ಪೂರ್ತಿ ಒಂದೇ ದಿನ ಮಾಡಬೇಡಿ

ನನ್ನ ಮೊದಲ ಪ್ರಯತ್ನ ಇದೇ ಆಗಿತ್ತು. ರಜಾ ದಿನ ನಾಲ್ಕು ಗಂಟೆ ಅಡುಗೆಮನೆಯಲ್ಲಿ ನಿಂತು ಐದು ದಿನಕ್ಕೆ ಐದು ಡಬ್ಬಿ ತುಂಬಿಸಿಟ್ಟೆ. ಎಲ್ಲದರಲ್ಲೂ ಅದೇ ಅನ್ನ, ಅದೇ ಪಲ್ಯ. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಮೂರನೇ ದಿನಕ್ಕೆ ನಾಲಿಗೆ ಮುಷ್ಕರ ಹೂಡಿತು. ಐದನೇ ದಿನದ ಡಬ್ಬಿ ಮುಚ್ಚಳ ತೆಗೆದಾಗ ಬಂದ ವಾಸನೆಯನ್ನು ಇಲ್ಲಿ ಬಣ್ಣಿಸುವುದು ಬೇಡ.

ಬೇಯಿಸಿದ ಊಟ ಫ್ರಿಜ್ಜಿನಲ್ಲಿ ಮೂರರಿಂದ ನಾಲ್ಕು ದಿನ ಚೆನ್ನಾಗಿರುತ್ತದೆ, ಅದಕ್ಕಿಂತ ಜಾಸ್ತಿ ಇಡಬಾರದು. ಫ್ರಿಜ್ ಒಳಗಿನ ತಂಪು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಈ ಲೆಕ್ಕ. ಹಾಗಾಗಿ ವಾರಕ್ಕೆ ಒಂದು ದೊಡ್ಡ ಅಡುಗೆಯ ಬದಲು ಎರಡು ಚಿಕ್ಕ ತಯಾರಿ ಇಟ್ಟುಕೊಳ್ಳಿ. ಒಂದು ರಜಾ ದಿನ, ಇನ್ನೊಂದು ವಾರದ ನಡುವೆ. ತಲಾ ಒಂದು ಗಂಟೆ. ಆ ಗಂಟೆಯಲ್ಲಿ ಊಟ ಮಾಡಿಡುವುದಲ್ಲ, ಊಟದ ಬಿಡಿಭಾಗ ಮಾಡಿಡುವುದು. ಬೆಂದ ಕಾಳು ಇದ್ದರೆ ಅದು ಇವತ್ತು ಸೂಪ್ ಆಗಬಹುದು, ನಾಳೆ ಸಲಾಡ್ ಆಗಬಹುದು, ನಾಡಿದ್ದು ಆಲೂಗಡ್ಡೆಯ ಮೇಲೆ ಹೋಗಿ ಕೂರಬಹುದು. ರುಚಿ ಹಾಕುವುದು ಮಾತ್ರ ಆಯಾ ದಿನದ ಕೆಲಸ.

ಆ ಒಂದು ಗಂಟೆ ಹೀಗೆ ಹೋಗಲಿ

ಮುಖ್ಯ ವಿಷಯ ಕೆಲಸಗಳ ಸಾಲು. ತಾನಾಗಿ ಬೇಯುವಂಥದ್ದು ಮೊದಲು ಒಲೆಯ ಮೇಲೆ ಹೋಗಬೇಕು, ಕೈ ಬೇಕಾದದ್ದು ಆಮೇಲೆ. ಇದನ್ನು ಉಲ್ಟಾ ಮಾಡಿದರೆ ಒಂದು ಗಂಟೆ ಎರಡಾಗುತ್ತದೆ.

ಹಿಂದಿನ ರಾತ್ರಿಯೇ ಕಡಲೆಕಾಳು ನೆನೆಹಾಕಿ. ಎಂಟು ಗಂಟೆ ನೆನೆದರೆ ಸಾಕು. ಒಂದು ಲೋಟ ಒಣ ಕಾಳು ಬೆಂದ ಮೇಲೆ ಎರಡೂವರೆ ಲೋಟದ ಮೇಲೇ ಆಗುತ್ತದೆ, ಅಳತೆ ನೆನಪಿರಲಿ. ನೆನೆಹಾಕಲು ಮರೆತಿರಾ? ಚನ್ನಂಗಿ ಬೇಳೆಗೆ ನೆನೆಯುವ ರಗಳೆಯೇ ಇಲ್ಲ, ಆ ವಾರ ಅದನ್ನೇ ನಂಬಿಕೊಳ್ಳಿ.

ಗಂಟೆ ಶುರುವಾದ ಕೂಡಲೇ ಕಾಳನ್ನು ಪ್ರೆಶರ್ ಕುಕ್ಕರಿಗೆ ಹಾಕಿ. ಒತ್ತಡ ಬಂದ ಮೇಲೆ ಉರಿ ಸಣ್ಣ ಮಾಡಿ 15ರಿಂದ 20 ನಿಮಿಷ. ಎಷ್ಟು ಕೂಗು ಅಂತ ನಾನು ಹೇಳುವುದಿಲ್ಲ, ಒಂದೊಂದು ಕುಕ್ಕರ್ ಒಂದೊಂದು ರೀತಿ ಕೂಗುತ್ತದೆ. ನಿಮಿಷದ ಲೆಕ್ಕವೇ ಸರಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯ ಮೇಲೆ ಬಿಸಿಯಾಗುವುದಿಲ್ಲ, ಎಷ್ಟೇ ಉರಿ ಕೊಟ್ಟರೂ. ಕುಕ್ಕರಿನೊಳಗೆ ಒತ್ತಡ ಇರುವುದರಿಂದ ಅದು 120ರ ಹತ್ತಿರ ಹೋಗುತ್ತದೆ. ಒಂದು ಗಂಟೆ ಬೇಯುವ ಕಾಳು ಇಪ್ಪತ್ತು ನಿಮಿಷಕ್ಕೆ ಬೇಯುವ ಗುಟ್ಟು ಇಷ್ಟೇ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲೇ ಇಂಥ ಪಾತ್ರೆ ಮಾಡಿದ್ದ. ಅವನು ಮೆತ್ತಗೆ ಮಾಡಲು ಹೊರಟದ್ದು ಮೂಳೆಗಳನ್ನು. ನಮಗೆ ಕಾಳು ಬೆಂದರೆ ಸಾಕು.

ಪಕ್ಕದ ಒಲೆಯ ಮೇಲೆ ಈರುಳ್ಳಿ. ಇದರ ಬಗ್ಗೆ ನನಗೆ ಹಳೆಯ ಸಿಟ್ಟಿದೆ. "ಈರುಳ್ಳಿ ಹೊಂಬಣ್ಣ ಬರುವವರೆಗೆ 5 ನಿಮಿಷ ಹುರಿಯಿರಿ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಐದು ನಿಮಿಷಕ್ಕೆ ಈರುಳ್ಳಿ ಮೆತ್ತಗಾಗುತ್ತದೆ, ಅಷ್ಟೇ. ಸಿಹಿ ಬಿಟ್ಟುಕೊಂಡು ಕಂದು ಬಣ್ಣಕ್ಕೆ ತಿರುಗಬೇಕಾದರೆ ಸಣ್ಣ ಉರಿಯಲ್ಲಿ 40 ನಿಮಿಷವಾದರೂ ಬೇಕು. ದಿನದ ಅಡುಗೆಯಲ್ಲಿ ಇದು ಆಗದ ಮಾತು. ಆದರೆ ತಯಾರಿಯ ಗಂಟೆಯಲ್ಲಿ ಅದರ ಪಾಡಿಗೆ ಅದು ಆಗುತ್ತಿರುತ್ತದೆ. ಐದಾರು ಈರುಳ್ಳಿ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಹಾಕಿ, ಆಗಾಗ ಕೈಯಾಡಿಸಿ. ಕೊನೆಗೆ ಬೆಳ್ಳುಳ್ಳಿ, ಮೂರು ನಾಲ್ಕು ಟೊಮೇಟೊ ಹಾಕಿ ಗೊಜ್ಜಿನ ಹದಕ್ಕೆ ಬೇಯಿಸಿ. ಇದನ್ನು ನಾನು "ಬುನಾದಿ" ಅಂತ ಕರೆಯುತ್ತೇನೆ. ಮುಂದಿನ ಮೂರು ನಾಲ್ಕು ದಿನ ಎರಡೆರಡು ಚಮಚ ಎಲ್ಲಿ ಹಾಕಿದರೂ ಅರ್ಧ ದಿನ ಅಡುಗೆ ಮಾಡಿದ ರುಚಿ ಬರುತ್ತದೆ. ಇಡೀ ಪದ್ಧತಿಯಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಈಗ ಕೈ ಬಿಡುವಾಯಿತು, ತರಕಾರಿ ಹೆಚ್ಚಿ. ಎಲ್ಲವನ್ನೂ ಅಲ್ಲ. ಕೋಸು, ಕ್ಯಾರೆಟ್, ಬೀನ್ಸ್, ಹೂಕೋಸು ಹೆಚ್ಚಿಟ್ಟರೂ ಡಬ್ಬಿಯಲ್ಲಿ ಮೂರು ನಾಲ್ಕು ದಿನ ಗಟ್ಟಿಯಾಗಿ ಇರುತ್ತವೆ. ಡಬ್ಬಿಯ ತಳಕ್ಕೆ ಒಂದು ಒಣ ಬಟ್ಟೆ ಹಾಕಿದರೆ ತೇವ ಹೀರಿಕೊಳ್ಳುತ್ತದೆ. ಸೌತೆಕಾಯಿ, ಟೊಮೇಟೊ ಹೆಚ್ಚಿಟ್ಟರೆ ಮರುದಿನವೇ ನೀರು ನೀರು. ಸೊಪ್ಪನ್ನು ಬಿಡಿಸಿಡಿ, ತೊಳೆದರೆ ಪೂರ್ತಿ ಒಣಗಿಸಿಯೇ ಇಡಿ.

ಹೆಚ್ಚುವ ಹೊತ್ತಿನಲ್ಲೇ ಆರು ಮೊಟ್ಟೆ ಕುದಿಯುವ ನೀರಿಗೆ ಬಿಡಿ, 10 ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ. ಸಿಪ್ಪೆ ಸಮೇತ ಇಟ್ಟರೆ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತವೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನದವರು ಆ ಜಾಗಕ್ಕೆ ಪನೀರ್ ಅಥವಾ ಕಾಳನ್ನೇ ಇನ್ನಷ್ಟು ಇಟ್ಟುಕೊಳ್ಳಬಹುದು.

ಕೊನೆಯದು ಒಂದು ಹಸಿ ಸಾಸ್. ಎರಡರಲ್ಲಿ ಒಂದು ಸಾಕು. ಮೊಸರಿಗೆ ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ, ಉಪ್ಪು, ಮೆಣಸಿನ ಪುಡಿ ಹಾಕಿ ಕಲಸಿದ್ದು ಒಂದು. ಎರಡು ಚಮಚ ಪೀನಟ್ ಬಟರಿಗೆ ಒಂದು ಚಮಚ ನಿಂಬೆರಸ, ಚಿಟಿಕೆ ಖಾರದ ಪುಡಿ, ಉಪ್ಪು, ಮೂರು ಚಮಚ ಬಿಸಿನೀರು ಹಾಕಿ ಕದಡಿದ್ದು ಇನ್ನೊಂದು. ಒಂದು ಎಚ್ಚರಿಕೆ: ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಅಭ್ಯಾಸ ಬೇಡ. ಗಾಳಿ ಇಲ್ಲದ ಆ ಜಾಗದಲ್ಲಿ ಬಾಟುಲಿಸಂ ಎಂಬ ಅಪಾಯದ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ಅನ್ನ ಮತ್ತು ರಾಜ್ಮಾ: ಇವೆರಡರ ಜೊತೆ ಸಲಿಗೆ ಬೇಡ

ಬೇರೆ ಏನನ್ನು ಮರೆತರೂ ಈ ಭಾಗ ಮರೆಯಬೇಡಿ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಕುದ್ದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನವನ್ನು ಹಾಗೇ ಹೊರಗೆ ಬಿಟ್ಟರೆ ಅವು ಎದ್ದು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೆ, ಆದರೂ ವಾಂತಿ ಆಯ್ತು" ಅನ್ನುವವರ ಊಟದಲ್ಲಿ ಹಲವು ಸಲ ಆಗಿರುವುದು ಇದೇ. ಹಾಗಾಗಿ ಉಳಿಸುವ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಮರುದಿನವೇ ತಿಂದು ಮುಗಿಸಿ. ನಾನು ಅನ್ನವನ್ನು ವಾರದ ತಯಾರಿಗೆ ಸೇರಿಸಿಲ್ಲ. ಬೇಕಾದ ಹಿಂದಿನ ದಿನ ಎರಡು ಪಟ್ಟು ಮಾಡುತ್ತೇನೆ, ಮರುದಿನಕ್ಕೆ ಮುಗಿಯುತ್ತದೆ.

ಕೆಂಪು ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಎಂಬ ಜಾತಿಯ ಒಂದು ನೈಸರ್ಗಿಕ ವಿಷ ಇದೆ. ಐದು ಗಂಟೆಗೆ ಕಡಿಮೆ ಇಲ್ಲದಂತೆ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. 10 ನಿಮಿಷ ಕುದಿಯಲೇಬೇಕು, 30 ನಿಮಿಷ ಕುದಿದರೆ ನಿಶ್ಚಿಂತೆ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸುವವರಿಗೆ ತೊಂದರೆ ಇಲ್ಲ. ಆದರೆ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಅಷ್ಟು ಬಿಸಿ ಬಾರದೆ ಹೋಗಬಹುದು. ಅರ್ಧಂಬರ್ಧ ಬೆಂದ ರಾಜ್ಮಾ ಹಸಿ ಕಾಳಿಗಿಂತಲೂ ಕೆಟ್ಟದ್ದಾಗಬಲ್ಲದು. ಡಬ್ಬಿಯಲ್ಲಿ ಬರುವ ಕಾಳು ಮೊದಲೇ ಬೆಂದಿರುತ್ತದೆ, ಅದಕ್ಕೆ ಈ ಭಯ ಇಲ್ಲ. ಅದನ್ನು ಒಮ್ಮೆ ನೀರಿನಲ್ಲಿ ತೊಳೆದು ಬಸಿದರೆ ಉಪ್ಪೂ ಬೇಕಾದಷ್ಟು ಕಡಿಮೆಯಾಗುತ್ತದೆ.

ಉಳಿದ ಅಡುಗೆಗೆಲ್ಲ ಒಂದೇ ಲೆಕ್ಕ. ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ, ಮತ್ತೆ ಬಿಸಿ ಮಾಡುವಾಗ ಬರೀ ಬೆಚ್ಚಗಲ್ಲ, ನಡುವಿನವರೆಗೂ ಹಬೆಯಾಡುವಷ್ಟು ಬಿಸಿ ಮಾಡಿ.

ತಟ್ಟೆಯಲ್ಲಿ ಎಷ್ಟು ಏನು

ಕ್ಯಾಲೊರಿ ಎಣಿಸುವ ತಾಳ್ಮೆ ನನಗಿಲ್ಲ. ದಣಿದು ಬಂದವರಿಗೆ ಅದು ಬೇಕೂ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆ 2011ರಲ್ಲಿ ಹೊರತಂದ ತಟ್ಟೆಯ ಚಿತ್ರ ಒಂದಿದೆ, ನಾನು ಅದನ್ನೇ ಕಣ್ಣಂದಾಜಿಗೆ ಇಟ್ಟುಕೊಂಡಿದ್ದೇನೆ. ತಟ್ಟೆಯ ಅರ್ಧ ತರಕಾರಿ ಮತ್ತು ಹಣ್ಣು, ಕಾಲು ಭಾಗ ಧಾನ್ಯ, ಇನ್ನು ಕಾಲು ಭಾಗ ಪ್ರೋಟೀನ್. ಆಲೂಗಡ್ಡೆ ಅಲ್ಲಿ ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 400 ಗ್ರಾಂ ಆದರೂ ಹಣ್ಣು ತರಕಾರಿ, 5 ಗ್ರಾಂಗಿಂತ ಕಡಿಮೆ ಉಪ್ಪು. ಐದು ಗ್ರಾಂ ಅಂದರೆ ಒಂದು ಚಿಕ್ಕ ಚಮಚ. ಮನೆಯಲ್ಲಿ ಮಾಡಿದರೆ ಆ ಚಮಚ ನಮ್ಮ ಕೈಯಲ್ಲಿರುತ್ತದೆ ಅಲ್ವಾ?

ಈಗ ಊಟ

ತಯಾರಿ ಇದೆ ಅಂದುಕೊಂಡೇ ಈ ಐದನ್ನು ಬರೆದಿದ್ದೇನೆ.

ಮೊದಲನೆಯದು ತಂಗಳನ್ನದ್ದು. ನಿನ್ನೆಯ ತಣ್ಣಗಿನ ಅನ್ನ ಇದಕ್ಕೆ ಬಿಸಿ ಅನ್ನಕ್ಕಿಂತ ವಾಸಿ, ಕಾಳು ಕಾಳು ಬಿಡಿಯಾಗಿರುತ್ತದೆ. ಬಾಣಲೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆಗೆ ಹೆಚ್ಚಿಟ್ಟ ಕೋಸು, ಕ್ಯಾರೆಟ್ ಎರಡು ಹಿಡಿ ಹಾಕಿ ದೊಡ್ಡ ಉರಿಯಲ್ಲಿ ಮೂರು ನಿಮಿಷ ಹುರಿಯಿರಿ. ಮೆತ್ತಗಾಗಬಾರದು, ಕಚ್ಚಿದರೆ ಕಟ್ ಅನ್ನಬೇಕು. ಅದನ್ನು ಬದಿಗೆ ಸರಿಸಿ ಎರಡು ಮೊಟ್ಟೆ ಒಡೆದು ಹಾಕಿ ಕೆದಕಿ. ಆಮೇಲೆ ಅನ್ನ, ಒಂದು ಚಮಚ ಬುನಾದಿ, ಮೆಣಸಿನ ಪುಡಿ. ಅನ್ನ ಪೂರ್ತಿ ಹಬೆಯಾಡುವವರೆಗೆ ನಾಲ್ಕೈದು ನಿಮಿಷ ತಿರುವಿ ಇಳಿಸಿ. ಅನ್ನ ತರಕಾರಿಗಿಂತ ಜಾಸ್ತಿ ಕಂಡರೆ ಇನ್ನೊಂದು ಹಿಡಿ ಕೋಸು ಸೇರಿಸಿ.

ಎರಡನೆಯದು ಚನ್ನಂಗಿ ಬೇಳೆಯ ಸೂಪ್. ಇದು ನನ್ನ ಮೆಚ್ಚಿನದ್ದು, ಏನೂ ತಯಾರಿ ಇಲ್ಲದ ದಿನವೂ ಕೈಹಿಡಿಯುತ್ತದೆ.

1. ಒಂದು ಲೋಟ ಬೇಳೆ ತೊಳೆದು ನಾಲ್ಕು ಲೋಟ ನೀರಿಗೆ ಹಾಕಿ ಕುದಿಯಲು ಬಿಡಿ.
2. ಮೇಲೆ ಬರುವ ನೊರೆ ತೆಗೆದು, ಉರಿ ಸಣ್ಣ ಮಾಡಿ, ಹೆಚ್ಚಿದ ಕ್ಯಾರೆಟ್ ಹಾಕಿ. ಇಲ್ಲಿಂದ 15 ನಿಮಿಷ ನಿಮ್ಮದು. ಬಟ್ಟೆ ಬದಲಾಯಿಸಿ, ಮುಖ ತೊಳೆಯಿರಿ.
3. ಬೇಳೆ ಕರಗಿದ ಹಾಗಾದಾಗ ಮೂರು ಚಮಚ ಬುನಾದಿ, ಉಪ್ಪು ಹಾಕಿ.
4. ಎರಡು ಹಿಡಿ ಸೊಪ್ಪು ಹಾಕಿ ಒಂದೆರಡು ನಿಮಿಷಕ್ಕೆ ಇಳಿಸಿ, ಆಮೇಲೆ ನಿಂಬೆ ಹಿಂಡಿ.

ನಿಂಬೆ ರುಚಿಗೆ ಮಾತ್ರ ಅಲ್ಲ. ಬೇಳೆ, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಟೀ, ಕಾಫಿ ಇದಕ್ಕೆ ತದ್ವಿರುದ್ಧ, ಊಟದ ಜೊತೆಗೇ ಕುಡಿದರೆ ಅಡ್ಡಿ. ವಿಟಮಿನ್ ಸಿ ಕಾವಿಗೆ ಹಾಳಾಗುವಂಥದ್ದು, ಆದ್ದರಿಂದಲೇ ಇಳಿಸಿದ ಮೇಲೆ ಹಿಂಡಿ ಅಂದದ್ದು.

ಮೂರನೆಯದಕ್ಕೆ ಒಲೆಯೇ ಬೇಡ. ಬೆಂದ ಕಡಲೆಕಾಳು ಒಂದು ಬಟ್ಟಲು, ಆಗಷ್ಟೇ ಹೆಚ್ಚಿದ ಸೌತೆಕಾಯಿ, ಟೊಮೇಟೊ, ತುರಿದ ಕ್ಯಾರೆಟ್, ಮೇಲೆ ಮೊಸರಿನ ಸಾಸ್. ಒಂದು ಚಮಚ ಎಣ್ಣೆಯನ್ನೋ ಹುರಿದ ಎಳ್ಳನ್ನೋ ಸೇರಿಸಿ, ಕ್ಯಾರೆಟ್ಟಿನ ಕ್ಯಾರೊಟಿನ್ (ದೇಹ ಇದನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ) ಕೊಬ್ಬಿನ ಜೊತೆಗಿದ್ದರೆ ಚೆನ್ನಾಗಿ ಒಳಗೆ ಹೋಗುತ್ತದೆ. ಜೊತೆಗೆ ಎರಡು ಗೋಧಿ ಬ್ರೆಡ್. ಏಳೇ ನಿಮಿಷ.

ನಾಲ್ಕನೆಯದು ಪಾಸ್ತಾ ಅಥವಾ ನೂಡಲ್ಸ್, ಒಂದೇ ಪಾತ್ರೆಯಲ್ಲಿ. ಅದು ಬೇಯಲು ಇನ್ನು ಮೂರು ನಿಮಿಷ ಇದೆ ಅನ್ನುವಾಗ ಫ್ರೀಜರಿನ ಬಟಾಣಿ, ಹೆಚ್ಚಿಟ್ಟ ಬೀನ್ಸ್ ಅದೇ ನೀರಿಗೆ ಸುರಿಯಿರಿ. ಬಸಿದು ಪೀನಟ್ ಬಟರ್ ಸಾಸ್ ಕಲಸಿ. ಬೀನ್ಸ್ ಸಣ್ಣಗೆ ಹೆಚ್ಚಿರಬೇಕು, ಇಲ್ಲದಿದ್ದರೆ ಹಸಿಯೇ ಉಳಿಯುತ್ತದೆ. ನನಗೆ ಆಗಿದೆ.

ಐದನೆಯದು ಮೈಕ್ರೋವೇವ್ ಇರುವವರಿಗೆ. ಮಧ್ಯಮ ಗಾತ್ರದ ಆಲೂಗಡ್ಡೆಗೆ ಫೋರ್ಕಿನಲ್ಲಿ ಏಳೆಂಟು ಕಡೆ ಚುಚ್ಚಿ, 5ರಿಂದ 6 ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಚುಚ್ಚದಿದ್ದರೆ ಒಳಗಿನ ಹಬೆಗೆ ಸಿಡಿಯಬಹುದು, ಒರೆಸುವ ಕೆಲಸ ಬೇರೆ. ಸೀಳಿ, ಬುನಾದಿಯಲ್ಲಿ ಬಿಸಿ ಮಾಡಿದ ಕಡಲೆಕಾಳು ತುಂಬಿ, ಪಕ್ಕಕ್ಕೆ ಹಸಿ ಕೋಸು.

ಫ್ರೀಜರನ್ನು ಕೀಳಾಗಿ ನೋಡಬೇಡಿ

ಹೆಪ್ಪುಗಟ್ಟಿಸಿದ ತರಕಾರಿಯಲ್ಲಿ ಸತ್ವ ಇರುವುದಿಲ್ಲ ಅನ್ನುವ ಮಾತಿದೆ. ಬಟಾಣಿಯಂಥವನ್ನು ಕಿತ್ತ ಸ್ವಲ್ಪ ಹೊತ್ತಿಗೇ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸುತ್ತಾರೆ. ನಮ್ಮ ಫ್ರಿಜ್ಜಿನ ಮೂಲೆಯಲ್ಲಿ ಆರು ದಿನ ಬಾಡಿದ ಬೀನ್ಸಿಗಿಂತ ಅದು ಎಷ್ಟೋ ಮೇಲು. ತೊಳೆಯುವುದಿಲ್ಲ, ಹೆಚ್ಚುವುದಿಲ್ಲ, ಒಂದು ಪೊಟ್ಟಣ ಯಾವಾಗಲೂ ಇರಲಿ.

ಮೈನಸ್ 18 ಡಿಗ್ರಿಯ ಫ್ರೀಜರ್ ಇದ್ದರೆ ಬೆಂದ ಕಾಳು, ಬುನಾದಿ, ಬೇಳೆ ಸೂಪ್ ಮೂರೂ ಎರಡು ಮೂರು ತಿಂಗಳು ಇಡಬಹುದು. ಡಬ್ಬಿಗಿಂತ ಚೀಲ ವಾಸಿ. ಒಂದು ಊಟದಷ್ಟು ತುಂಬಿ, ಗಾಳಿ ತೆಗೆದು, ಪುಸ್ತಕದ ಹಾಗೆ ಚಪ್ಪಟೆಯಾಗಿ ಮಲಗಿಸಿ. ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. ಮೇಲೆ ತಾರೀಕು, ಹೆಸರು ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಎಲ್ಲವೂ ಒಂದೇ ಕಂದು ಬಣ್ಣ. ಬೇಳೆ ಸೂಪ್ ಅಂದುಕೊಂಡು ಒಂದು ಸೇರು ಬುನಾದಿ ಕರಗಿಸಿ ಕೂತವನು ನಾನು.

ಬೆಳಗ್ಗೆ

ಬೆಳಗಿನ ತಿಂಡಿಗೆ ಜಾಸ್ತಿ ಹೇಳುವುದಿಲ್ಲ. ರಾತ್ರಿ ಮಲಗುವ ಮುಂಚೆ ಅರ್ಧ ಲೋಟ ಓಟ್ಸಿಗೆ ಅಷ್ಟೇ ಹಾಲು, ಒಂದೆರಡು ಚಮಚ ಮೊಸರು ಕಲಸಿ ಫ್ರಿಜ್ಜಿಗೆ ಹಾಕಿ. ಬೆಳಗ್ಗೆ ಮೆತ್ತಗಾಗಿರುತ್ತದೆ. ಬಾಳೆಹಣ್ಣು, ನಾಲ್ಕು ಬಾದಾಮಿ ಹಾಕಿದರೆ ಮುಗಿಯಿತು. ಸಕ್ಕರೆ ಬೇಕೆನಿಸದಷ್ಟು ಹಣ್ಣಾದ ಬಾಳೆಹಣ್ಣೇ ಹಾಕಿ.

ಏನೂ ಆಗದ ದಿನ

ತಯಾರಿಯ ಗಂಟೆ ತಪ್ಪುವ ವಾರಗಳು ಬರುತ್ತವೆ. ಬರಲೇಬೇಕು, ಮನುಷ್ಯರು ನಾವು. ಅಂಥ ದಿನಕ್ಕೆ ಒಂದು ಕಡೆಯ ಊಟ ಮೊದಲೇ ಗೊತ್ತು ಮಾಡಿಕೊಂಡಿರಿ, ಆಗ ಫ್ರಿಜ್ ಮುಂದೆ ನಿಂತು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ನನ್ನದು ಹೀಗಿದೆ: ಎರಡು ಬ್ರೆಡ್, ಎರಡು ಮೊಟ್ಟೆ, ಫ್ರೀಜರಿನ ಬಟಾಣಿ ಒಂದು ಹಿಡಿ, ಒಂದು ಹಣ್ಣು. ಮೊಟ್ಟೆ ಬೇಯುವ ನೀರಿಗೇ ಕೊನೆಯ ಮೂರು ನಿಮಿಷ ಬಟಾಣಿಯನ್ನೂ ಬಿಡಬಹುದು, ಮೊಟ್ಟೆಯ ಸಿಪ್ಪೆ ಮೊದಲೇ ಚೆನ್ನಾಗಿ ತೊಳೆದಿದ್ದರೆ. ನಿಮ್ಮದು ಯಾವುದು ಅಂತ ಇವತ್ತೇ ತೀರ್ಮಾನ ಮಾಡಿ, ಅದಕ್ಕೆ ಬೇಕಾದ ನಾಲ್ಕು ಸಾಮಾನು ಮನೆಯಲ್ಲಿ ಮುಗಿಯದ ಹಾಗೆ ನೋಡಿಕೊಳ್ಳಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಹೊರಗೆ ಅಂಟಿಸಿಡಿ, ಬಾಗಿಲು ತೆಗೆಯುವ ಮೊದಲೇ ಕಣ್ಣಿಗೆ ಬೀಳಲಿ.